ಮಳೆ ಹಿಡಿದರೆ ಪೆನ್ನು ಹಿಡಿದು ಕೂರುತ್ತೀಯಲ್ಲ, ಯಾಕೆ?

“ಮಳೆ ಶುರುವಾದ್ರೆ ಸಾಕು, ಪೆನ್ನು ಕಾಗದ ಹರಡಿಕೊಂಡು ಕೂತ್ಬಿಡ್ತೀಯಲ್ಲ, ಹೊತ್ತು ಹೋಗಲ್ವಾ?” ಶರತ್ಕಾಲದ ಜಡಿಮಳೆ ಹಿಡಿದ ಕೂಡಲೇ ನನಗೆ ಬರುವ ಪ್ರಶ್ನೆ ಇದು. ಕೆಲವರು ಇದಕ್ಕೊಂದು ಬಾಲ ಸೇರಿಸುತ್ತಾರೆ: “ಫೋನಿದೆಯಲ್ಲ, ಅದರಲ್ಲೇ ಬರೀಬಹುದಲ್ವಾ?” ಇಷ್ಟು ವರ್ಷ ನಗುತ್ತಾ ಉತ್ತರ ಕೊಟ್ಟೆ. ಈಗ ಸಾಕಾಗಿದೆ. ಒಮ್ಮೆ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ಹೊತ್ತು ಸಾಲುವುದಿಲ್ಲ. ಅದೇ ನನ್ನ ಉತ್ತರ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ನನಗೆ ಬೇಸರ ತರಿಸುತ್ತದೆ. ಹೊರಗೆ ಹೋಗಲು ಆಗದಿದ್ದರೆ ಮಾತ್ರ ಮನುಷ್ಯರು ಒಳಗೆ ಕೂತು ಬರೆಯುತ್ತಾರೆ, ಅಂಚೆಚೀಟಿ ಜೋಡಿಸುತ್ತಾರೆ, ಬಣ್ಣ ಹಚ್ಚುತ್ತಾರೆ ಅಂತ ಕೇಳುವವರು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಓಡಲು ಹೋಗುವವರನ್ನು ಯಾರೂ “ಮನೇಲಿ ಬೇಜಾರಾಯ್ತಾ?” ಅಂತ ಕೇಳುವುದಿಲ್ಲ. ಮೇಜಿನ ಮುಂದೆ ಕೂತವರನ್ನು ಮಾತ್ರ ಎಲ್ಲರೂ ವಿಚಾರಣೆ ಮಾಡುತ್ತಾರೆ.

ಹೋದ ಸಲ ಮಳೆ ಬಿಡದೆ ಸುರಿಯುತ್ತಿದ್ದಾಗ ಗೆಳತಿಯೊಬ್ಬಳು ಬಂದಳು. ಒದ್ದೆ ಕೊಡೆಯನ್ನು ಮಡಚುತ್ತಾ ನನ್ನ ಮೇಜಿನ ಪಕ್ಕ ನಿಂತಳು. ನಾಲ್ಕು ಹನಿ ತೆರೆದ ಪುಟದ ಮೇಲೆ ಬಿದ್ದವು. ನೀಲಿ ಇಂಕಿನ ಸಾಲು ಕಣ್ಣೆದುರೇ ಕರಗಿ ಹರಡಿತು. “ನೋಡಿದ್ಯಾ, ಫೋನಲ್ಲಾಗಿದ್ರೆ ಅಳಿಸ್ತಿರ್ಲಿಲ್ಲ” ಅಂದಳು. ಅವಳಿಗೆ ವಾದ ಗೆದ್ದ ಖುಷಿ. ನಾನು ಪುಟವನ್ನು ಅವಳ ಕಡೆ ತಿರುಗಿಸಿದೆ. “ಕೆಳಗಿನ ಸಾಲು ನೋಡು” ಅಂದೆ. ಅದೇ ಹನಿ ಅದರ ಮೇಲೂ ಬಿದ್ದಿತ್ತು. ಒಂದು ಅಕ್ಷರವೂ ಕದಲಿರಲಿಲ್ಲ. ಅದರ ಪಕ್ಕದ ಪೆನ್ಸಿಲ್ ಟಿಪ್ಪಣಿಗೂ ಏನೂ ಆಗಿರಲಿಲ್ಲ.

ಅವಳು “ಓ ಹೌದಾ” ಅಂದು ಬೇರೆ ಮಾತಿಗೆ ಹೋದಳು. ನನಗೆ ಸಿಟ್ಟು ಬಂದದ್ದು ಅಲ್ಲೇ. ಒಂದೇ ನೀರು, ಒಂದೇ ಕಾಗದ, ಒಂದು ಬರಹ ಹೋಯಿತು, ಎರಡು ಉಳಿದವು. ಯಾಕೆ ಅಂತ ಕೇಳಬೇಕು ಅನ್ನಿಸಲಿಲ್ವಾ? ನನ್ನ ಮಳೆಗಾಲದ ಸುಖವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಯಾರೂ ಕೇಳುವುದಿಲ್ಲ. ಹಾಗಾಗಿ ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

ಕರಗಿ ಹೋದದ್ದು ಮಾಮೂಲು ಫೌಂಟನ್ ಪೆನ್ ಇಂಕು. ಅದರಲ್ಲಿರುವುದು ನೀರಿನಲ್ಲಿ ಕರಗುವ ಬಣ್ಣ. ಪೆನ್ನೊಳಗೆ ಒಣಗಿ ಕಟ್ಟಿಕೊಂಡರೂ ನೀರು ಹಾಯಿಸಿ ತೊಳೆಯಲು ಬರಲಿ ಅಂತ ಬೇಕೆಂದೇ ಹಾಗೆ ಮಾಡುತ್ತಾರೆ. ನಿಂತ ಸಾಲು ಕಬ್ಬಿಣದ ಮಸಿಯದು. ಮಾಚಿಕಾಯಿಯ ಒಗರು ರಸಕ್ಕೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಬೆರೆಸಿ ಮಾಡುತ್ತಿದ್ದ ಹಳೆಯ ಮಸಿಯ ವಂಶ ಅದು. ಮಾಚಿಕಾಯಿ ಅಂದರೆ ಓಕ್ ಮರದಲ್ಲಿ ಪುಟ್ಟ ಕಣಜ ಮೊಟ್ಟೆಯಿಟ್ಟಾಗ ಬೆಳೆಯುವ ಗಂಟು. ಯುರೋಪಿನಲ್ಲಿ ನೂರಾರು ವರ್ಷ ದಾಖಲೆ, ಪತ್ರ ಎಲ್ಲವನ್ನೂ ಈ ಮಸಿಯಲ್ಲೇ ಬರೆದರು. ಬರೆದಾಗ ತೆಳುವಾಗಿ ಕಾಣುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ತಾಗುತ್ತಾ ಕಪ್ಪಾಗುತ್ತದೆ, ನೀರಿಗೆ ಕರಗದ ವಸ್ತುವಾಗಿ ನಾರಿನಲ್ಲಿ ಕೂರುತ್ತದೆ. ಬೆಳಿಗ್ಗೆ ಬರೆದ ಸಾಲನ್ನು ಸಂಜೆ ನೋಡಿದರೆ ಬಣ್ಣವೇ ಬೇರೆ. ಇದನ್ನು ನೋಡಲು ಕಾಯುವುದು ನನಗೆ ದೊಡ್ಡ ಸಂತೋಷ. ಒಂದೇ ಎಚ್ಚರಿಕೆ, ಈ ಮಸಿಯನ್ನು ಪೆನ್ನಿನಲ್ಲಿ ಒಣಗಲು ಬಿಡಬಾರದು.

ಪೆನ್ಸಿಲ್ಲಿನ ಗ್ರಾಫೈಟ್ ನೀರಿನಲ್ಲಿ ಕರಗುವುದೇ ಇಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದಷ್ಟೂ ಕಡ್ಡಿ ಗಟ್ಟಿ. ತೇವ ಹೀರಿ ಮೆತ್ತಗಾದ ಕಾಗದವನ್ನು ಗಟ್ಟಿ ಕಡ್ಡಿ ಕೆರೆದುಬಿಡುತ್ತದೆ. ಅದಕ್ಕೇ ಮಳೆಯ ದಿನ ನನ್ನ ಕೈ ತಾನಾಗಿಯೇ ಮೆತ್ತನೆ ಕಡ್ಡಿಯ 2ಬಿ ಪೆನ್ಸಿಲ್ ಕಡೆ ಹೋಗುತ್ತದೆ.

ಇನ್ನು ಕಾಗದ. ಹೊರಗೆ ಮಳೆಯಿದ್ದರೆ ಕಾಗದಕ್ಕೆ ಗೊತ್ತಾಗುತ್ತದೆ. ಅದು ಗಾಳಿಯಿಂದಲೇ ತೇವ ಹೀರುತ್ತದೆ. ನಾರುಗಳು ಉಬ್ಬುತ್ತವೆ, ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ಬಹಳ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ಹೆಚ್ಚಿನ ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಹಾಗಾಗಿ ಹಾಳೆಯೂ ಒಂದು ದಿಕ್ಕಿಗೇ ಜಾಸ್ತಿ ಹಿಗ್ಗುತ್ತದೆ. ಆ ನಾರು ನೋಟ್‌ಬುಕ್ಕಿನ ಬೆನ್ನಿಗೆ ಸಮಾನಾಂತರವಾಗಿದ್ದರೆ ಹಾಳೆ ಹೊರಗಡೆಗೆ ಹಿಗ್ಗುತ್ತದೆ, ಪುಸ್ತಕ ಸಪಾಟಾಗಿಯೇ ಇರುತ್ತದೆ. ಅಡ್ಡಲಾಗಿದ್ದರೆ ಹಾಳೆ ಬೆನ್ನಿನ ಉದ್ದಕ್ಕೆ ಹಿಗ್ಗಲು ನೋಡುತ್ತದೆ. ಅಲ್ಲಿ ಅಂಟು ಬಿಗಿಯಾಗಿ ಹಿಡಿದಿರುತ್ತದೆ. ಆಗ ಪುಟಗಳು ಅಲೆ ಅಲೆಯಾಗುತ್ತವೆ. ಬೇಸಿಗೆಯಲ್ಲಿ ಚೆಂದ ಕಾಣುತ್ತಿದ್ದ ನೋಟ್‌ಬುಕ್ಕಿನ ನಿಜ ಬಂಡವಾಳ ಮಳೆಯಲ್ಲಿ ಬಯಲಾಗುತ್ತದೆ. ನಾರಿನ ದಿಕ್ಕು ತಿಳಿಯಲು ಹಾಳೆಯನ್ನು ಎರಡೂ ಕಡೆ ಮಡಚಿ ನೋಡಿ. ನಾರಿನ ಗುಂಟ ಮಡಿಕೆ ನಯವಾಗಿ ಬೀಳುತ್ತದೆ, ಅಡ್ಡಕ್ಕೆ ಒರಟಾಗಿ ಒಡೆಯುತ್ತದೆ. ನೋಟ್‌ಬುಕ್ ಹೊಲಿಯುವವರಿಗೆ ಇದು ಮೊದಲ ಪಾಠ.

ತೇವ ಗಾಳಿಯಲ್ಲಿ ಇಂಕು ನಿಧಾನವಾಗಿ ಒಣಗುತ್ತದೆ ಅನ್ನುವುದು ಎಲ್ಲರೂ ಹೇಳುವ ದೂರು. ನನಗೆ ಅದು ದೂರಲ್ಲ. ನಯವಾದ ಕಾಗದದ ಮೇಲೆ ಹಸಿ ಅಕ್ಷರ ಹೊಳೆಯುತ್ತಾ ಇರುತ್ತದೆ. ಮುಂದಿನ ಸಾಲಿಗೆ ಹೋಗುವ ಮೊದಲು ಹಿಂದಿನದನ್ನು ಓದುತ್ತೇನೆ. ಪತ್ರ ಬರೆಯುವಾಗ ಇದರಿಂದ ತುಂಬಾ ಅನುಕೂಲ. ಸುಮ್ನೆ ಬರೆದ ವಾಕ್ಯ ಯಾವುದು, ನಿಜವಾಗಿ ಹೇಳಬೇಕಾದದ್ದು ಯಾವುದು ಅಂತ ಆಗಲೇ ಗೊತ್ತಾಗುತ್ತದೆ. ಅವಸರವಿದ್ದರೆ ಬ್ಲಾಟಿಂಗ್ ಪೇಪರ್ ಇದೆ. ಅದೂ ಕಾಗದವೇ, ಇಂಕು ಹರಡದಂತೆ ತಡೆಯುವ ಗಂಜಿ ಹಾಕದೆ ಬಿಟ್ಟ ಕಾಗದ.

ಜಲವರ್ಣಕ್ಕೂ ಈ ಹವೆ ಒಳ್ಳೆಯದು. ಹಾಳೆ ಬೇಗ ಒಣಗದೆ ಬಣ್ಣದೊಳಗೆ ಬಣ್ಣ ಬಿಡಲು ಸಮಯ ಸಿಗುತ್ತದೆ. ಅಂಚೆಚೀಟಿಗೆ ಮಾತ್ರ ಇದು ಕೆಟ್ಟ ಕಾಲ. ಹಿಂಬದಿಯ ಅಂಟು ತೇವಕ್ಕೆ ಎಚ್ಚೆತ್ತು ಪುಟಕ್ಕೆ ಹಿಡಿದುಕೊಳ್ಳುತ್ತದೆ. ಆಲ್ಬಂಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು, ಗಾಳಿ ಆಡಬೇಕು. ಕೋಣೆಯ ಸಾಪೇಕ್ಷ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುವ ಭಯ. ನನ್ನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು ಇರುವುದು ಅದಕ್ಕೇ. ಅವನ್ನು ಕಂಡು ನಗುವವರು ಬೂಷ್ಟು ಹತ್ತಿದ ಆಲ್ಬಂ ಒಮ್ಮೆ ನೋಡಿದರೆ ಸಾಕು.

ಫೋನಿನ ವಿಷಯಕ್ಕೆ ಬರೋಣ. ನಾನೂ ಫೋನಲ್ಲಿ ಬರೆಯುತ್ತೇನೆ. ಹೊರಗೆ ಹನಿ ಬೀಳಲಿ ಬಿಸಿಲು ಸುಡಲಿ, ಅದರ ಪರದೆ ಮೇಲಿನ ಅಕ್ಷರ ಒಂದೇ ಥರ ಇರುತ್ತದೆ. ಕೆಲಸಕ್ಕೆ ಅದು ಬೇಕು. ಆದರೆ ನನಗೆ ಇಷ್ಟವಾಗುವುದು ಹವೆಗೆ ತಕ್ಕಂತೆ ಬದಲಾಗುವ ಸಾಮಾನು. ಮುಂದಿನ ಮಳೆಗೆ ಬನ್ನಿ. ಕೊಡೆಯನ್ನು ಬಾಗಿಲಲ್ಲೇ ಬಿಟ್ಟು ಬನ್ನಿ. ಯಾಕೆ ಕೂತಿದ್ದೀಯಾ ಅಂತ ಕೇಳಬೇಡಿ, ಇವತ್ತು ಯಾವ ಇಂಕು ತುಂಬಿದ್ದೀಯಾ ಅಂತ ಕೇಳಿ. ಒಂದು ಪೆನ್ನು ನಿಮ್ಮ ಕೈಗೂ ಕೊಡುತ್ತೇನೆ.