ಗೋಳಗುಮ್ಮಟದಲ್ಲಿ ಕೂಗಬೇಡಿ: ಕಿವಿಯಿಂದ ನೋಡುವ ವಿಜಯಪುರ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತುತ್ತಾರೆ, ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು "ಹೋ" ಎಂದು ಕೂಗುತ್ತಾರೆ, ಇಳಿದು ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡು ಮಧ್ಯಾಹ್ನದ ಬಸ್ಸು ಹಿಡಿಯುತ್ತಾರೆ. ಊರು ಕಣ್ಣಿಗೇನೋ ಬಿದ್ದಿರುತ್ತದೆ, ಕಿವಿಗೆ ಬಿದ್ದಿರುವುದಿಲ್ಲ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಮುದ್ದು ಮಾಡಿದ ಸುಲ್ತಾನ ಆಳಿದ ಊರಿದು. ಇಲ್ಲಿ ಕೇಳುತ್ತ ತಿರುಗುವುದಕ್ಕೆ ಒಂದು ದಾರಿಯಿದೆ. ಅದು ಪೂರ್ವದ ಗೋಳಗುಮ್ಮಟದಿಂದ ಹೊರಟು, ಕೋಟೆ ದಾಟಿ, ಪಶ್ಚಿಮದ ಇಬ್ರಾಹಿಂ ರೋಜಾ ಮುಟ್ಟಿ, ತೊರವಿಯವರೆಗೆ ಹೋಗುತ್ತದೆ. ಒಂದು ದಿನ ಸಾಕು, ಆದರೆ ಬೆಳಿಗ್ಗೆ ಬೇಗ ಏಳಬೇಕು.

ಮೊದಲು ಗುಮ್ಮಟದ ಮುಂದಿನ ನಗಾರಖಾನೆ. ಇವತ್ತು ಅದು ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ, ಹಾಗಾಗಿ ಎಲ್ಲರೂ ಅದನ್ನು "ಮ್ಯೂಸಿಯಂ" ಎಂದಷ್ಟೇ ಕರೆದು ಮುಂದೆ ನಡೆಯುತ್ತಾರೆ. ನಗಾರಿ, ಶಹನಾಯಿ ಬಾರಿಸುವವರು ಕೂರುತ್ತಿದ್ದ ಕಟ್ಟಡ ಅದು. ಹೊತ್ತು ತಿಳಿಸುವುದಕ್ಕೆ, ದೊಡ್ಡವರ ಆಗಮನ ಸಾರುವುದಕ್ಕೆ ವಾದ್ಯವನ್ನು ಎತ್ತರದ ಬಾಗಿಲ ಮೇಲೆ ಇಡುವುದು ವಾಡಿಕೆ. ಸದ್ದು ಜನರ ತಲೆಯ ಮೇಲಿಂದ ದಾಟಿ ದೂರ ಹೋಗಲಿ ಎಂದು. ಮ್ಯೂಸಿಯಂಗೆ ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಆರಿಸಿಕೊಳ್ಳಿ.

ಇನ್ನು ಗುಮ್ಮಟ. ಇದನ್ನು ಕಟ್ಟಿಸಿಕೊಂಡವನು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾ, ತಂಬೂರಿ ಸುಲ್ತಾನ ಎರಡನೆಯ ಇಬ್ರಾಹಿಮನ ಮಗ. ಒಳಗಿನ ಹಜಾರ ಪ್ರತಿ ಬದಿಗೆ ಸುಮಾರು 41 ಮೀಟರಿನ ಚೌಕ, ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕವನ್ನು ಮೇಲೆ ಹೋಗುತ್ತ ದುಂಡಗಾಗಿಸುತ್ತವೆ. ಆ ದುಂಡಿನ ಮೇಲೆ ಒಳ ಅಳತೆಯಲ್ಲಿ ಸುಮಾರು 38 ಮೀಟರ್ ಅಗಲದ ಗುಮ್ಮಟ ಕುಳಿತಿದೆ. ಅದರ ಬುಡದಲ್ಲಿ ಒಳಸುತ್ತಿಗೆ ಇರುವುದೇ ಗ್ಯಾಲರಿ, ನೆಲದಿಂದ ಸುಮಾರು 33 ಮೀಟರ್ ಮೇಲೆ. ಸಂಗೀತಗಾರರನ್ನು ಇಲ್ಲಿ ಕೂರಿಸಿ ಹಾಡಿಸುತ್ತಿದ್ದರು ಎಂದು ಗೈಡ್‌ಗಳು ಹೇಳುವುದುಂಟು. ನಂಬುವುದು ಕಷ್ಟ. ಇದು ಗೋರಿ, ಕಛೇರಿಯ ಜಾಗವಲ್ಲ. ಸದ್ದಿನ ಚಮತ್ಕಾರ ಆಕಾರದ ಜೊತೆ ತಾನಾಗಿ ಬಂದದ್ದು.

ಹತ್ತುವುದು ಮೂಲೆಯ ಏಳಂತಸ್ತಿನ ಮಿನಾರದ ಒಳಗಿನ ಸುತ್ತುಮೆಟ್ಟಿಲಿನಿಂದ. ಮೆಟ್ಟಿಲು ಎತ್ತರ, ಜಾಗ ಇಕ್ಕಟ್ಟು. ಹತ್ತುವವರು, ಇಳಿಯುವವರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ಮೊಣಕಾಲು ನೋವಿನವರು ಪ್ರತಿ ಅಂತಸ್ತಿಗೂ ಕಿಟಕಿಯ ಬಳಿ ನಿಂತು ಉಸಿರು ತೆಗೆದುಕೊಂಡು ಹೋಗುವುದು ಲೇಸು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹತ್ತಬೇಕು. ಶಾಲೆಯ ಪ್ರವಾಸದ ಬಸ್ಸುಗಳು ಬಂದು ನಿಂತ ಮೇಲೆ ಗ್ಯಾಲರಿಯಲ್ಲಿ ಕೇಳುವುದೆಲ್ಲ ಗದ್ದಲ.

ಪಿಸುಮಾತಿಗೆ ಇಬ್ಬರು ಬೇಕು, ಎದುರುಬದುರು ನಿಲ್ಲಬೇಕು. ತಪ್ಪಾಗುವುದು ಇಲ್ಲೇ: ಜನ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುತ್ತಾರೆ. ಆಗ ಸದ್ದು ನಡುವಿನ ಬಯಲಿಗೆ ಬಿದ್ದು ಹರಡಿ ಅಡಗಿಹೋಗುತ್ತದೆ. ಬದಲಿಗೆ ಇಬ್ಬರೂ ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತು, ಮುಖವನ್ನು ಗೋಡೆಯುದ್ದಕ್ಕೆ ಓರೆಯಾಗಿ ತಿರುಗಿಸಿ ಮೆಲ್ಲಗೆ ಮಾತಾಡಬೇಕು. ಬಾಗಿದ ಗೋಡೆ ಸದ್ದನ್ನು ಮತ್ತೆ ಮತ್ತೆ ಒಳಕ್ಕೆ ತಿರುಗಿಸುತ್ತ ತನ್ನ ಮೈಗುಂಟ ಒಯ್ಯುತ್ತದೆ. ಅರ್ಧ ಸುತ್ತು ಎಂದರೆ ಸುಮಾರು 60 ಮೀಟರ್. ಅಷ್ಟು ದೂರ ಹೋದರೂ ಮಾತು ಪಕ್ಕದಲ್ಲೇ ಆಡಿದ ಹಾಗೆ ಬರುತ್ತದೆ. ಕಾಗದ ಉಜ್ಜಿ ನೋಡಿ. ಪಿಸುಮಾತಿಗೆ, ಕಾಗದದ ಸರಸರಕ್ಕೆ ಎತ್ತರದ ಸ್ವರಗಳು ಹೆಚ್ಚು, ಅವೇ ಗೋಡೆಯನ್ನು ಚೆನ್ನಾಗಿ ಹಿಡಿಯುವುದು.

ಮಾರ್ದನಿಗೆ ಒಂದೇ ಚಪ್ಪಾಳೆ ಸಾಕು. ತಟ್ಟಿ, ಪೂರ್ತಿ ನಿಶ್ಶಬ್ದವಾಗುವವರೆಗೆ ಸುಮ್ಮನಿರಿ. ಸದ್ದು 38 ಮೀಟರ್ ದಾಟಿ ಅಷ್ಟೇ ದೂರ ಹಿಂದಿರುಗಲು ಸುಮಾರು 0.22 ಸೆಕೆಂಡ್ ಹಿಡಿಯುತ್ತದೆ, ಆ ಲಯದಲ್ಲೇ ಚಪ್ಪಾಳೆ ಮರಳಿ ಮರಳಿ ಬರುತ್ತದೆ. ಏಳು ಸಲವೋ ಹತ್ತು ಸಲವೋ ಎಂಬ ಜಗಳ ಹಳೆಯದು. ಎರಡೂ ಸರಿಯೇ: ಪ್ರತಿ ಮರುದನಿ ಹಿಂದಿನದಕ್ಕಿಂತ ಸಣ್ಣದು, ಸುತ್ತಲಿನ ಗದ್ದಲಕ್ಕಿಂತ ಅದು ಕೆಳಗಿಳಿದಲ್ಲಿಗೆ ನಿಮ್ಮ ಲೆಕ್ಕ ಮುಗಿಯಿತು. ಕೂಗಿದವರಿಗೆ ಇದು ಸಿಗುವುದಿಲ್ಲ, ಏಕೆಂದರೆ ಮೊದಲ ಮರುದನಿ ಬರುವಾಗ ಅವರ ಕೂಗು ಇನ್ನೂ ಮುಗಿದಿರುವುದಿಲ್ಲ.

ಹಾಡುವವರಿದ್ದರೆ ಮೆಲ್ಲಗೆ ಒಂದು ಷಡ್ಜ ಹಿಡಿದು ನಾಲ್ಕೈದು ಸೆಕೆಂಡ್ ನಿಲ್ಲಿಸಲಿ. ಮರುದನಿಗಳು ಒಂದರ ಮೇಲೊಂದು ಕೂತು ಸ್ವರ ದಪ್ಪವಾಗುತ್ತದೆ, ತಂಬೂರಿ ಸೇರಿದಂತೆ. ಅದೇ ಜಾಗದಲ್ಲಿ ಬಿರುಸಾದ ತಾನ್, ಅಂದರೆ ವೇಗದ ಸ್ವರಗಳ ಸಾಲು, ಹಾಕಿದರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ನಿಧಾನದ ವಿಲಂಬಿತಕ್ಕೂ ವೇಗದ ದ್ರುತಕ್ಕೂ ಬೇರೆ ಬೇರೆ ಕೋಣೆ ಬೇಕು ಎಂಬುದು ಇಲ್ಲಿ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಅಲ್ಲಿಂದ ಟಾಂಗಾ ಅಥವಾ ಆಟೋ ಹಿಡಿದು ಇಬ್ರಾಹಿಂ ರೋಜಾಕ್ಕೆ, ಅಂದರೆ ಆ ತಂಬೂರಿ ಸುಲ್ತಾನನ ಗೋರಿಗೆ. ದಾರಿಯಲ್ಲಿ ಕಮಾನುಗಳು, ಮಸೀದಿಗಳು, ಬುರುಜುಗಳು ಸಾಲಾಗಿ ಸಿಗುತ್ತವೆ. ಈ ದಾರಿಗೆ ಅವು ಬೇಕಿಲ್ಲ, ಇನ್ನೊಂದು ದಿನಕ್ಕಿರಲಿ. ಎರಡನೆಯ ಇಬ್ರಾಹಿಂ ಆದಿಲ್ ಶಾ 1580ರಲ್ಲಿ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು 1627ರವರೆಗೆ ಆಳಿದ. ಜನ ಅವನನ್ನು ಜಗದ್ಗುರು ಬಾದಶಾ ಎಂದರು. ದಖನಿ ಭಾಷೆಯಲ್ಲಿ ಅವನು ಕಟ್ಟಿದ ಹಾಡುಗಳ ಹೊತ್ತಿಗೆ ಕಿತಾಬ್-ಎ-ನವರಸ್: 59 ಹಾಡು, 17 ದೋಹೆ (ಎರಡು ಸಾಲಿನ ಪದ್ಯ). ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ. ಹೆಂಡತಿ ಚಾಂದ್ ಸುಲ್ತಾನಾ, ಆನೆ ಆತಶ್ ಖಾನ್, ತಂಬೂರಿ ಮೋತಿ ಖಾನ್ ಮೂವರಿಗೂ ಹಾಡಿನಲ್ಲಿ ಜಾಗವಿದೆ. ಹಾಡುಗಳನ್ನು ರಾಗದ ಹೆಸರಿನಡಿ ಜೋಡಿಸಲಾಗಿದೆ, ಭೂಪಾಲಿ, ಮಲ್ಹಾರ, ಕಾನಡಾ, ಕೇದಾರ ಹೀಗೆ. ಸ್ವರಲಿಪಿ ಇಲ್ಲದ್ದರಿಂದ ಅವನ ಭೂಪಾಲಿಯೂ ಇವತ್ತಿನ ಭೂಪಾಲಿಯೂ ಒಂದೇ ಎಂದು ಹೇಳಲಾಗದು. ಆದರೂ ಬರುವ ಮುನ್ನ ಈ ನಾಲ್ಕು ರಾಗಗಳ ವಿಲಂಬಿತ ಖ್ಯಾಲನ್ನೋ ಧ್ರುಪದವನ್ನೋ ಕೇಳಿಕೊಂಡು ಬನ್ನಿ. ಹೆಸರಿಗೆ ಒಂದು ದನಿ ಅಂಟಿಕೊಂಡಿದ್ದರೆ ಕಲ್ಲು ಬೇರೆಯಾಗಿ ಕಾಣುತ್ತದೆ.

ರೋಜಾದಲ್ಲಿ ಒಂದೇ ಜಗಲಿಯ ಮೇಲೆ ಗೋರಿ ಒಂದು ಕಡೆ, ಮಸೀದಿ ಎದುರಿಗೆ, ನಡುವೆ ನೀರಿನ ಹೊಂಡ. ಕಟ್ಟಿದ ಮಲಿಕ್ ಸಂದಲನ ಹೆಸರು ಶಾಸನದಲ್ಲೇ ಇದೆ. ಗೋರಿಯ ಕಿಟಕಿಗಳನ್ನು ಹೊರಗಿನಿಂದ ನೋಡಿ ಮುಗಿಸಬೇಡಿ. ಒಳಗೆ ನಿಂತು ಬೆಳಕಿಗೆ ಎದುರಾಗಿ ನೋಡಿದರೆ ಜಾಲಂಧ್ರದಲ್ಲಿ ಕೊರೆದಿರುವುದು ಬಳ್ಳಿಯಲ್ಲ, ಅಕ್ಷರ ಎಂದು ತಿಳಿಯುತ್ತದೆ.

ಇನ್ನೂ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ತೊರವಿ. ಪ್ರವಾಸಿಗರು ಬಾರದ ಕಡೆ, ಆದರೆ ಈ ದಾರಿಯ ತಿರುಳೇ ಇಲ್ಲಿದೆ. 1599ರಲ್ಲಿ ಇಬ್ರಾಹಿಂ ಇಲ್ಲಿ ನವರಸಪುರ ಕಟ್ಟಲು ಶುರು ಮಾಡಿದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ಊರು ಹಾಳಾಯಿತು. ಉಳಿದದ್ದರಲ್ಲಿ ಸಂಗೀತ ಮಹಲ್ ಮುಖ್ಯ: ದೊಡ್ಡ ಕಮಾನು ನಿಂತಿದೆ, ಚಾವಣಿ ಇಲ್ಲ. ಇಲ್ಲೂ ಒಂದು ಚಪ್ಪಾಳೆ ತಟ್ಟಿ. ಚಾವಣಿ ಇಲ್ಲದ ಕಡೆ ಸದ್ದು ಮೇಲಕ್ಕೆ ಹೋಗಿ ಮರಳುವುದಿಲ್ಲ, ಗೋಡೆಯಿಂದ ಬಂದಷ್ಟೇ ಬಂತು. ಗೋಳಗುಮ್ಮಟದ ಬೆಳಗಿನ ನೆನಪು ಹಸಿಯಾಗಿದ್ದಾಗಲೇ ಇದನ್ನು ಕೇಳಬೇಕು, ಅದಕ್ಕೇ ಒಂದೇ ದಿನದಲ್ಲಿ ಎರಡನ್ನೂ ಇಟ್ಟದ್ದು. ನೆರಳು ಕಡಿಮೆ, ನೀರು ಜೊತೆಗೇ ಒಯ್ಯಿರಿ. ಹುಲ್ಲು ಬೆಳೆದ ಕಾಲದಲ್ಲಿ ಚಪ್ಪಲಿ ಸಾಲದು, ಬೂಟು ಬೇಕು.

ತೊರವೆ ರಾಮಾಯಣ ಹುಟ್ಟಿದ್ದೂ ಇದೇ ಊರಿನಲ್ಲಿ, ಸುಲ್ತಾನನ ಸಂಗೀತದ ಊರಿಗಿಂತ ಮೊದಲೇ. ಕುಮಾರ ವಾಲ್ಮೀಕಿ ಅದನ್ನು ಇಲ್ಲಿನ ನರಸಿಂಹನಿಗೆ ಅರ್ಪಿಸಿದ. ಅದು ಭಾಮಿನಿ ಷಟ್ಪದಿ. ಗುಡಿಯ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಒಂದು ಗಮಕ ವಾಚನ (ಕಾವ್ಯವನ್ನು ರಾಗವಾಗಿ ಓದುವುದು) ಹಾಕಿಕೊಂಡು ಬೆರಳು ಎಣಿಸಿ: ಮೂರು, ನಾಲ್ಕು, ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ ಕೊನೆಯ ಗುರುವೂ ಸೇರಿ 23. ಗಮಕಿ ಎಳೆದು ಹಾಡಿದಾಗ ಲೆಕ್ಕ ತಪ್ಪಿದಂತೆ ತೋರುತ್ತದೆ. ಆ ಉದ್ದದ ಸಾಲಿನ ಕೊನೆಯ ಗುರುವಿಗಾಗಿ ಕಾಯಿರಿ, ಅಲ್ಲಿ ಮತ್ತೆ ಕೈಗೆ ಸಿಗುತ್ತದೆ.

ಕಲ್ಲಿನ ಊರು ಇಲ್ಲಿಗೆ ಮುಗಿಯಿತು. ಜಿಲ್ಲೆಯ ಬದುಕಿರುವ ದನಿ ಬೇಕೆಂದರೆ ಉತ್ತರಕ್ಕೆ, ಭೀಮಾ ತೀರದ ಕಡೆ ಹೋಗಬೇಕು. ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುಕಲ್ಲಿನ ಮುಂದಿನ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ತಂದರು. ಇವತ್ತು ಹಿಟ್ಟಿನ ಗಿರಣಿ ಬಂದು ಬೀಸುವ ಕೆಲಸ ಹೋಗಿದೆ, ಹಾಡು ಮದುವೆ, ಸೀಮಂತಗಳಲ್ಲಿ ಉಳಿದಿದೆ. ಹಿರಿಯ ಹೆಣ್ಣುಮಕ್ಕಳನ್ನು ಏಕಾಏಕಿ "ಒಂದ್ ಹಾಡ ಹೇಳ್ರಿ ಅಮ್ಮಾ" ಎಂದರೆ ನಾಚುತ್ತಾರೆ. ಇಬ್ಬರನ್ನು ಜೊತೆಗೆ ಕೂರಿಸಿ ಕೇಳಿ. ಒಬ್ಬರು ಎತ್ತಿದ ನುಡಿಯನ್ನು ಇನ್ನೊಬ್ಬರು ಹಿಡಿಯುವುದೇ ಈ ಹಾಡಿನ ಕ್ರಮ.

ಮೊಹರಮ್ಮಿನಲ್ಲಿ ಹಳ್ಳಿಗಳಲ್ಲಿ ರಿವಾಯತ್ ಪದ ನಡೆಯುತ್ತವೆ: ಕರ್ಬಲದ ಕಥೆ, ಕನ್ನಡದ ಹಾಡು, ಹಾಡುವವರಲ್ಲಿ ಎಲ್ಲ ಜಾತಿಯವರೂ. ಮೊಹರಮ್ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಕಳೆದ ವರ್ಷದ ದಿನಾಂಕ ನಂಬಿ ಹೊರಡಬೇಡಿ. ಜಾತ್ರೆಗಳಲ್ಲಾದರೆ ಗೀಗೀ ಪದ. ದಪ್ಪು, ತುಂತುಣಿ, ತಾಳ ಇಷ್ಟೇ ವಾದ್ಯ. ತುಂತುಣಿಯ ಒಂದೇ ತಂತಿ ಶ್ರುತಿಯನ್ನೂ ಲಯವನ್ನೂ ಹೊರುತ್ತದೆ. ಹರದೇಶಿ ಮೇಳ ಗಂಡು ಹೆಚ್ಚು ಎನ್ನುತ್ತದೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಎನ್ನುತ್ತದೆ, ವಾದ ರಾತ್ರಿಯಿಡೀ. ರೆಕಾರ್ಡ್ ಮಾಡುವ ಮುನ್ನ ಮೇಳದ ಹಿರಿಯರನ್ನು ಕೇಳಿ, ಫೋನನ್ನು ದಪ್ಪಿನ ಎದುರಿಗಿಡದೆ ತುಂತುಣಿಯ ಕಡೆ ಇಡಿ, ಇಲ್ಲವಾದರೆ ಮಾತೇ ಕೇಳದು. ಹೊದೆಯಲು ಒಂದು ಕಂಬಳಿ ಇರಲಿ, ವಾಪಸು ಬರಲು ಬೆಳಗಿನ ಮೊದಲ ಬಸ್ಸು ಯಾವುದೆಂದು ಕೇಳಿಟ್ಟುಕೊಳ್ಳಿ. ಸವಾಲು-ಜವಾಬು ಕಾವೇರುವುದೇ ನಡುರಾತ್ರಿ ದಾಟಿದ ಮೇಲೆ.