ಬೆಲ್ಟ್ ಸ್ಯಾಂಡರ್ ಕೊಳ್ಳುವ ಮೊದಲು ಕೆಲಸದ ಜಾಗವನ್ನು ನೋಡಿ

ಕೊಪ್ಪಳ, ಗಂಗಾವತಿ ಕಡೆಯ ಮರಗೆಲಸದವರು ಬೆಲ್ಟ್ ಸ್ಯಾಂಡರ್ (ಸುತ್ತುವ ಉಜ್ಜುಕಾಗದದ ಪಟ್ಟಿಯಿಂದ ಮರವನ್ನು ನಯಗೊಳಿಸುವ ಯಂತ್ರ) ಕೊಳ್ಳಲು ಹೋದಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮೋಟಾರು ಎಷ್ಟು ವ್ಯಾಟಿನದು ಎಂಬುದನ್ನು. ಯಂತ್ರವು ವರ್ಕ್‌ಶಾಪಿನಲ್ಲೇ ಉಳಿಯುತ್ತದೆಯೋ, ಕಟ್ಟಡ ನಡೆಯುವ ಮನೆಗಳಿಗೆ ಹೋಗಿ ಬರುತ್ತದೆಯೋ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚಾಗಿ ಬಳಕೆಯಲ್ಲಿರುವ ಬೆಲ್ಟುಗಳು ಎರಡು: 3 ಇಂಚು ಅಗಲದ್ದು (75×533 ಮಿ.ಮೀ.) ಮತ್ತು 4 ಇಂಚು ಅಗಲದ್ದು (100×610 ಮಿ.ಮೀ.). ಸಾಗವಾನಿ ಬಾಗಿಲನ್ನು ಮೇಜಿನ ಮೇಲೆ ಮಲಗಿಸಿ ಉಜ್ಜುವಾಗ 4 ಇಂಚಿನ ಯಂತ್ರದ ಭಾರವೇ ಅರ್ಧ ಕೆಲಸ ಮಾಡುತ್ತದೆ, ಕೈ ದಾರಿ ತೋರಿಸಿದರೆ ಸಾಕು; ಅಗಲವಾದ ತಳವಿರುವುದರಿಂದ ಹಲಗೆಯಲ್ಲಿ ತಗ್ಗು ಬೀಳುವುದೂ ಕಡಿಮೆ. ಆದರೆ ಅದೇ ಯಂತ್ರವನ್ನು ಗೋಡೆಯಲ್ಲಿ ಈಗಾಗಲೇ ಕೂರಿಸಿದ ಚೌಕಟ್ಟಿಗೆ ಎತ್ತಿ ಹಿಡಿದರೆ ಅಷ್ಟೂ ಭಾರ ತೋಳಿನ ಮೇಲೆ ಬಿದ್ದು, ತೋಳು ಸೋತ ಕಡೆ ಅಂಚು ತಿರುಗಿ ಮರದಲ್ಲಿ ಗಾಯವಾಗುತ್ತದೆ. ಆದ್ದರಿಂದ ಸೈಟಿನ ಕೆಲಸವೇ ಹೆಚ್ಚಿರುವವರು 3 ಇಂಚಿನದನ್ನು, ಅದರಲ್ಲೂ ವೇಗವನ್ನು ಏರಿಳಿಸಬಲ್ಲದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ವೇಗದ ಮಾತು ಹಳೆಯ ಬಾಗಿಲುಗಳಿಗೆ ಮುಖ್ಯವಾಗುತ್ತದೆ. ಬೆಲ್ಟ್ ಜೋರಾಗಿ ಓಡಿದರೆ ಬಣ್ಣ ಬಿಸಿಯಾಗಿ ಕರಗಿ, ಉಜ್ಜುಕಾಗದದ ಹರಳುಗಳ ನಡುವೆ ತುಂಬಿಕೊಂಡು, ಹೊಸ ಬೆಲ್ಟೂ ಸ್ವಲ್ಪ ಹೊತ್ತಿಗೇ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕಿಂತ ಗಂಭೀರವಾದ ವಿಷಯ ಸೀಸ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ) ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣದಲ್ಲಿ ಹೆಚ್ಚು ಸೀಸವಿರಬಹುದು. ಮಕ್ಕಳು ಓಡಾಡುವ ಮನೆಯೊಳಗೆ ಅಂಥ ಬಣ್ಣವನ್ನು ಯಂತ್ರದಿಂದ ಒಣದಾಗಿ ಉಜ್ಜಲೇಬಾರದು.

ಮರದ ಧೂಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಯಂತ್ರದ ಜೊತೆ ಬರುವ ಬಟ್ಟೆಯ ಚೀಲವು ದಪ್ಪ ಪುಡಿಯನ್ನು ಹಿಡಿದು ನುಣ್ಣನೆಯದನ್ನು ಹೊರಗೆ ಬಿಡುತ್ತದೆ. ಹೀಗಾಗಿ ವರ್ಕ್‌ಶಾಪಿಗೆ ಕೊಳ್ಳುವವರು ವ್ಯಾಕ್ಯೂಮ್ ಪೈಪು ಕೂರುವ ಬಾಯಿ ಇದೆಯೇ ಎಂದು ನೋಡಬೇಕು, ಮೂಗಿಗೆ ಕಟ್ಟುವ ಟವೆಲನ್ನು ಬಿಟ್ಟು ಸರಿಯಾದ ಮಾಸ್ಕ್ ಹಾಕಿಕೊಳ್ಳಬೇಕು. ಚೀಲದಲ್ಲಿ ಮರದ ಪುಡಿ ಇರುವಾಗ ಅದೇ ಯಂತ್ರದಿಂದ ಕಬ್ಬಿಣದ ಗ್ರಿಲ್ ಉಜ್ಜಿದರೆ ಕಿಡಿ ಒಳಹೋಗಿ ಬೆಂಕಿ ಹತ್ತಬಹುದು.

ಸೈಟಿನಲ್ಲಿ ತೆಳುವಾದ ಉದ್ದನೆಯ ವೈರಿನಿಂದ ಕರೆಂಟು ಎಳೆದರೆ ವೋಲ್ಟೇಜು ಇಳಿದು, ನಮ್ಮ ಬೇಸಿಗೆಯಲ್ಲಿ ಮೊದಲೇ ಕಾದಿರುವ ಮೋಟಾರು ಇನ್ನಷ್ಟು ಕಾಯುತ್ತದೆ. ವೈರಿಗೆ ಕೊಡುವ ದುಡ್ಡು ವ್ಯರ್ಥವಲ್ಲ.

ವೆನೀರ್ (ಮರದ ತೆಳು ಹಾಳೆ) ಅಂಟಿಸಿದ ಪ್ಲೈವುಡ್ಡಿಗೆ ಈ ಯಂತ್ರ ಬೇಡ, ಕ್ಷಣದಲ್ಲಿ ಮೇಲಿನ ಪದರ ಹರಿದುಹೋಗುತ್ತದೆ. ಕಿನ್ನಾಳದ ಗೊಂಬೆಗಳಂಥ ಹಗುರ ಮರದ ಕುಸುರಿಗೂ ಇದು ಸಲ್ಲದು.

ಕೊಳ್ಳುವಾಗ ಅಂಗಡಿಯಲ್ಲೇ ಯಂತ್ರವನ್ನು ಓಡಿಸಿ, ಬೆಲ್ಟನ್ನು ಹೊಂದಿಸುವ ತಿರುಪನ್ನು ಸ್ವಲ್ಪ ತಿರುಗಿಸಿದರೆ ಬೆಲ್ಟ್ ನಡುವಿಗೆ ಬಂದು ಅಲ್ಲೇ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಆ ಅಳತೆಯ 60, 80, 120 ನಂಬರಿನ (ನಂಬರು ಹೆಚ್ಚಿದಷ್ಟೂ ನುಣುಪು) ಬೆಲ್ಟುಗಳೂ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಬ್ರಷ್‌ಗಳೂ ನಿಮ್ಮ ಊರಲ್ಲಿ ಸಿಗುತ್ತವೆಯೇ ಎಂದು ಕೇಳಿಕೊಂಡ ಮೇಲೆಯೇ ದುಡ್ಡು ಕೊಡಿ.