ರಜೆಯ ದಿನ ಕಸ ಹೆಕ್ಕಲು ಹೋದಾಗ

ಜನವರಿಯ ಮೂರನೇ ಸೋಮವಾರ ಅಮೆರಿಕದಲ್ಲಿ ರಜೆ. ಅಲ್ಲಿನ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹುಟ್ಟುಹಬ್ಬದ ನೆನಪಿಗೆ. ಇಲ್ಲಿನ ಮೆಂಫಿಸ್ ಊರಿಗೆ ಬಂದ ಮೊದಲ ವರ್ಷ ನಾವು ಅವತ್ತು ಹೊತ್ತೇರುವ ತನಕ ಮಲಗಿ, ಎದ್ದು ದೋಸೆ ಹುಯ್ದುಕೊಂಡು ತಿಂದಿದ್ದೆವು. ಮರುವರ್ಷ ಹಿಂದಿನ ದಿನವೇ ಪಕ್ಕದ ಮನೆಯ ಅಜ್ಜ ಬಂದು ಬಾಗಿಲು ತಟ್ಟಿದರು. "ನಾಳೆ ಕಸ ಹೆಕ್ಕೋಕೆ ಹೋಗ್ತೀವಿ. ನೀನೂ ಬಾ ಮಗಳೇ" ಅಂದರು.

ಇದು ಸುಮ್ನೆ ಕೂರುವ ರಜೆಯಲ್ಲ, ಸೇವೆ ಮಾಡುವ ದಿನ ಅಂತ 1994ರಲ್ಲಿ ಕಾನೂನೇ ಬಂದಿದೆ. ಅದನ್ನು ಮುಂದಿಟ್ಟವರಲ್ಲಿ ಒಬ್ಬರು ಕಿಂಗ್ ಜೊತೆ ಹೋರಾಡಿದ ಜಾನ್ ಲೂಯಿಸ್. ಜನ ಶಾಲೆಗಳಿಗೆ ಬಣ್ಣ ಹೊಡೆಯುತ್ತಾರೆ, ಇಲ್ಲದವರಿಗೆ ಹಂಚಲು ದಿನಸಿ ಕಟ್ಟುತ್ತಾರೆ. ನಮ್ಮ ಪಾಲಿಗೆ ಬಂದದ್ದು ಒಂದು ತೊರೆಯ ದಡ.

ಕೈಗವಸು, ದೊಡ್ಡ ಚೀಲ, ಉದ್ದ ಕೋಲಿನ ಇಕ್ಕಳ ಕೊಟ್ಟರು. ಚಳಿಗೆ ಮಣ್ಣು ಗಟ್ಟಿಯಾಗಿತ್ತು. ಅದರಲ್ಲಿ ಹೂತ ಚಿಪ್ಸ್ ಪ್ಯಾಕೆಟ್ಟು ಇಕ್ಕಳಕ್ಕೆ ಬರಲೇ ಇಲ್ಲ, ಬಗ್ಗಿ ಕೈಯಲ್ಲೇ ಕಿತ್ತೆ. ಅದರೊಳಗಿದ್ದ ಕೊಳೆ ನೀರು ಕೈಗವಸಿನೊಳಗೆ ಇಳಿದು ಮಣಿಕಟ್ಟಿನ ತನಕ ಹರಿಯಿತು. ನಾನು ಮುಖ ಕಿವುಚಿದ್ದನ್ನು ಅಜ್ಜ ನೋಡಿದರು.

"ನಮ್ಮಪ್ಪನಿಗೆ ಇದು ಬೆನ್ನಿನ ಮೇಲೆ ಇಳೀತಿತ್ತು" ಅಂದರು.

ಅವರಪ್ಪ ಈ ಊರಿನ ಕಸದ ಕೆಲಸಗಾರ. ಮನೆಮನೆಯ ಹಿತ್ತಲಿಗೆ ಹೋಗಿ, ಕಸವನ್ನು ಟಬ್ಬಿಗೆ ಸುರಿದು, ತಲೆಯ ಮೇಲೆ ಹೊತ್ತು ಲಾರಿಗೆ ತರಬೇಕು. ಟಬ್ಬು ತೂತು. ಹುಳ ಬಿದ್ದ ನೀರು ಅಂಗಿಯೊಳಗೆ ಸುರಿಯುತ್ತಿತ್ತು. ಸಂಜೆ ಹಿತ್ತಲಲ್ಲೇ ಬಟ್ಟೆ ಬಿಚ್ಚಿಟ್ಟು ಒಳಗೆ ಬರುತ್ತಿದ್ದರಂತೆ, ಮಕ್ಕಳು ಹತ್ತಿರ ಬರುವ ಮೊದಲೇ.

1968ರ ಫೆಬ್ರವರಿ 1ರಂದು ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕೆಲಸಗಾರರು ನೆನೆಯದಿರಲೆಂದು ಲಾರಿಯ ಹಿಂಬದಿ ಸೇರಿಕೊಂಡಿದ್ದರು. ಕಸ ಅಮುಕುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಅರೆದುಹಾಕಿತು. ಹನ್ನೊಂದು ದಿನಕ್ಕೆ ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಅವರು ಎತ್ತಿ ಹಿಡಿದ ಫಲಕದಲ್ಲಿ ಇದ್ದದ್ದು ಇಷ್ಟೇ: "ನಾನು ಮನುಷ್ಯ." ಅವರ ಪರವಾಗಿ ನಿಲ್ಲಲು ಬಂದ ಕಿಂಗ್ ಅವರನ್ನು ಏಪ್ರಿಲ್ 4ರಂದು ಇಲ್ಲಿನ ಲೊರೇನ್ ಮೋಟೆಲಿನ ಮಹಡಿಯಲ್ಲಿ ಗುಂಡಿಕ್ಕಿ ಕೊಂದರು. ಅವರಿಗಾಗ ಬರೀ 39 ವರ್ಷ. ಆ ಮೋಟೆಲ್ ಈಗ ಮ್ಯೂಸಿಯಂ. ಕೋಣೆ 306ರ ಮುಂದಿನ ಕಟಕಟೆಗೆ ಒಂದು ಹೂಮಾಲೆ ಕಟ್ಟಿರುತ್ತಾರೆ. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮನುಷ್ಯ ಕೊನೆಗೆ ಪ್ರಾಣ ಬಿಟ್ಟದ್ದು ಕಸ ಎತ್ತುವವರ ಜೊತೆ ನಿಂತು. ಅಲ್ಲಿ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ತಲೆಯ ಮೇಲಿನ ಟಬ್ಬು ಅಂದಾಗ ನಿಮಗೂ ನೆನಪಾಗಿರಬೇಕು. ನಮ್ಮಲ್ಲೂ ಮನುಷ್ಯರ ತಲೆ ಮೇಲೆ ಮಲ ಹೊರಿಸುತ್ತಿದ್ದರು. ಅದನ್ನು ನಿಲ್ಲಿಸಲು ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು. 1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ಶಾಲೆಯೊಂದರಲ್ಲಿ ಅವರನ್ನು ಮಕ್ಕಳಿಗೆ "ಅಮೆರಿಕದ ಅಸ್ಪೃಶ್ಯರು" ಎಂದು ಪರಿಚಯಿಸಿದರಂತೆ. ಅವರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ ಅಂದುಕೊಂಡರು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಬೆಂಗಳೂರಿನ ನಮ್ಮ ಮನೆಗೆ ಕಸಕ್ಕೆ ಬರುತ್ತಿದ್ದ ಅಕ್ಕನಿಗೆ ಕಾಂಪೌಂಡ್ ಮೇಲೆ ಒಂದು ಸ್ಟೀಲ್ ಲೋಟ ಬೇರೆಯೇ ಇತ್ತು. ಅಮ್ಮ ಮೇಲಿನಿಂದ ಕಾಫಿ ಸುರಿಯುತ್ತಿದ್ದರು. ನಾನು ದಿನಾ ನೋಡುತ್ತಿದ್ದೆ. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಮಂಗಳವಾರದ ಬೆಳಗು. ಅಜ್ಜನ ಅಪ್ಪನ ಕಥೆಯನ್ನೆಲ್ಲ ಹೇಳಿ, ಆ ಲೋಟದ ಬಗ್ಗೆ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಈಗ ಆ ಅಕ್ಕ ಬರಲ್ಲ ಕಣೇ" ಅಂದರು. "ಗಾಡಿ ಬರುತ್ತೆ, ಹಾಡು ಹಾಕ್ಕೊಂಡು. ಡಬ್ಬ ಕೊಟ್ಟು ಒಳಗೆ ಬಂದುಬಿಡ್ತೀನಿ. ಯಾರು ತಗೊಳ್ತಾರೋ, ಮುಖಾನೂ ನೋಡಿಲ್ಲ."

ಅಷ್ಟರಲ್ಲಿ ಫೋನಿನಲ್ಲೇ ಗಾಡಿಯ ಹಾಡು ಕೇಳಿಸಿತು. "ಬಂತು ನೋಡು" ಅಂದರು ಅಮ್ಮ.

"ಹೋಗಮ್ಮ" ಅಂದೆ. "ನಾನು ಕಾಯ್ತೀನಿ. ಮಾತಾಡಿಸಿಕೊಂಡು ಬಾ."